ಘಟ್ಟದ ಮೇಲೊಂದು, ಕಡಲ ಬದಿಗೊಂದು: ಡೇಟಾಬೇಸ್ ತಾನಾಗಿ ಕೈ ಬದಲಿಸಬೇಕಾದರೆ

ಶಿರಸಿಯ ಮುಖ್ಯ ಕಚೇರಿಯಲ್ಲಿ ಒಂದು ಪೋಸ್ಟ್‌ಗ್ರೆಸ್ (ಡೇಟಾಬೇಸ್ ತಂತ್ರಾಂಶ) ಸರ್ವರ್, ಕಾರವಾರದ ಶಾಖೆಯಲ್ಲಿ ಅದರ ನಕಲು. ಅಡಿಕೆ ವ್ಯವಹಾರದ ಲೆಕ್ಕ ಇಡುವವರಿಗೆ ಮೊದಲು ಹೊಳೆಯುವ ಏರ್ಪಾಡು ಇದೇ. ಆದರೆ ದೇವಿಮನೆ ಘಟ್ಟದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ, ಎದುರಿನ ಯಂತ್ರ ಸತ್ತಿತೋ ಲೈನ್ ಹೋಯಿತೋ ಎಂದು ಎರಡಕ್ಕೂ ತಿಳಿಯುವುದಿಲ್ಲ. ಎರಡೂ ತಾನೇ ಯಜಮಾನ (ಹೊಸ ಲೆಕ್ಕ ಬರೆಯುವ ಸರ್ವರ್) ಎಂದು ಬರೆಯಲು ಶುರುಮಾಡಿದರೆ ಒಂದೇ ಖಾತೆಗೆ ಎರಡು ಪುಸ್ತಕ. ಅವನ್ನು ಆಮೇಲೆ ಕೂತು ಕೈಯಿಂದಲೇ ತಾಳೆ ನೋಡಬೇಕು.

ಅದಕ್ಕೇ ಮೂರನೆಯ ಮತ ಬೇಕು. ಮೂರು ಕಡೆ ಎಟ್‌ಸಿಡಿ (ಯಜಮಾನ ಯಾರೆಂಬುದನ್ನು ಬಹುಮತದಿಂದ ದಾಖಲಿಸಿಡುವ ತಂತ್ರಾಂಶ) ಹಾಕಿ. ಇಬ್ಬರು ಒಪ್ಪಿದವನೇ ಯಜಮಾನ. ಮೂರನೆಯದು ಚಿಕ್ಕ ಯಂತ್ರವಾದರೂ ಸಾಕು, ಡೇಟಾ ಬೇಡ, ಎಸ್‌ಎಸ್‌ಡಿ ಮಾತ್ರ ಇರಲಿ. ಅದನ್ನು ಶಿರಸಿಯಲ್ಲೇ ಇಟ್ಟರೆ ಒಂದೇ ಕರೆಂಟು ಹೋದಾಗ ಎರಡು ಮತವೂ ಹೋಗುತ್ತವೆ, ಕಾರವಾರ ಒಂಟಿಯಾಗಿ ಏನೂ ಮಾಡಲಾರದು. ಕುಮಟಾ ಹತ್ತಿರ ನಿಜ, ಆದರೆ ಅದು ಅದೇ ಘಟ್ಟದ ಬುಡ. ಹುಬ್ಬಳ್ಳಿ ಮೇಲು: ಅಲ್ಲಿಂದ ಕಾರವಾರಕ್ಕೆ ದಾರಿ ಯಲ್ಲಾಪುರ, ಅರಬೈಲ್ ಘಟ್ಟದ ಮೇಲೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದ್ದು ನೆನಪಿರಲಿ. ಅಂಕೋಲಾ–ಕಾರವಾರ ತುಣುಕು ಎರಡು ದಾರಿಗೂ ಒಂದೇ. ಅದು ಹೋದರೂ ಶಿರಸಿ, ಹುಬ್ಬಳ್ಳಿ ಸೇರಿ ಬಹುಮತ ಉಳಿಯುತ್ತದೆ. ಕೇಬಲ್ ನಿಜವಾಗಿ ಯಾವ ರಸ್ತೆ ಹಿಡಿದಿದೆ ಎಂದು ಲೈನ್ ಕೊಟ್ಟವರನ್ನು ಕೇಳಿ. ಎರಡು ಕಂಪನಿಯ ಬಿಲ್ ಬಂದರೂ ಚರಂಡಿ ಒಂದೇ ಇರಬಹುದು.

ಎಟ್‌ಸಿಡಿಯ ಹಾರ್ಟ್‌ಬೀಟ್ (‘ಇದ್ದೇನೆ’ ಎಂದು ಹೇಳುವ ಅಂತರ) 100, ಎಲೆಕ್ಷನ್ ಟೈಮ್‌ಔಟ್ (ಅದು ಬಾರದಿದ್ದರೆ ಹೊಸ ಚುನಾವಣೆಗೆ ಮೊದಲು ಕಾಯುವ ಸಮಯ) 1000 ಮಿಲಿಸೆಕೆಂಡ್ ಇರುವುದು ಒಂದೇ ಕೋಣೆಯೊಳಗಿನ ಲೆಕ್ಕ. ಊರುಗಳ ನಡುವೆ ಪಿಂಗ್ ಹಾಕಿ ಸಂದೇಶ ಹೋಗಿಬರುವ ಸಮಯ ಅಳೆಯಿರಿ, ಮಳೆ ಬರುವಾಗಲೂ. ಹಾರ್ಟ್‌ಬೀಟ್ ಆ ಸಮಯದ ಆಸುಪಾಸು, ಎಲೆಕ್ಷನ್ ಅದರ ಹತ್ತು ಪಟ್ಟಿಗಿಂತ ಕಡಿಮೆ ಬೇಡ. ಮೂರೂ ಕಡೆ ಒಂದೇ ಅಂಕಿ. ಪೋರ್ಟ್ 2379, 2380 ತೆರೆದಿರಬೇಕು.

ಪೋಸ್ಟ್‌ಗ್ರೆಸ್ ಇರುವ ಎರಡೂ ಕಡೆ ಪ್ಯಾಟ್ರೋನಿ (ಎಟ್‌ಸಿಡಿ ಕೇಳಿ ಪೋಸ್ಟ್‌ಗ್ರೆಸ್ಸನ್ನು ಯಜಮಾನನಾಗಿಯೋ ನಕಲಾಗಿಯೋ ನಡೆಸುವ ತಂತ್ರಾಂಶ) ಹಾಕಿ. ಮೊದಲು ಸಿಸ್ಟಮ್‌ಡಿಯಲ್ಲಿ (ಲಿನಕ್ಸ್ ಶುರುವಾದಾಗ ಸರ್ವೀಸುಗಳನ್ನು ಎಬ್ಬಿಸುವ ಭಾಗ) ಪೋಸ್ಟ್‌ಗ್ರೆಸ್‌ನ ಸ್ವಂತ ಸರ್ವೀಸನ್ನು ಡಿಸೇಬಲ್ ಮಾಡಿ. ಇದನ್ನು ಮರೆತರೆ ಕರೆಂಟು ಬಂದ ಕೂಡಲೇ ಹಳೆ ಯಜಮಾನ ಯಾರನ್ನೂ ಕೇಳದೆ ಎದ್ದು ಕೂರುತ್ತಾನೆ. ಪ್ಯಾಟ್ರೋನಿಯಲ್ಲಿ ಟಿಟಿಎಲ್ (ಯಜಮಾನಿಕೆ ನವೀಕರಿಸದಿದ್ದರೆ ಮುಗಿಯುವ ಅವಧಿ) 30, ಲೂಪ್ ವೇಟ್ (ಎರಡು ತಪಾಸಣೆಗಳ ನಡುವಿನ ಅಂತರ) 10, ರೀಟ್ರೈ ಟೈಮ್‌ಔಟ್ (ವಿಫಲವಾದ ಕೆಲಸವನ್ನು ಮತ್ತೆ ಪ್ರಯತ್ನಿಸುವ ಅವಧಿ) 10 ಸೆಕೆಂಡ್ ಇರಲಿ. ಟಿಟಿಎಲ್ ಯಾವಾಗಲೂ ಲೂಪ್ ವೇಟ್ ಮತ್ತು ರೀಟ್ರೈಯ ಎರಡು ಪಟ್ಟು ಸೇರಿದಷ್ಟಾದರೂ ಇರಬೇಕು. ಬೇಗ ಬದಲಾಗಲಿ ಎಂದು ಇಳಿಸಿದರೆ ಸಿಡಿಲು ಹೊಡೆದಾಗಲೆಲ್ಲ ಯಜಮಾನ ಬದಲಾಗುತ್ತಾನೆ.

ಪಿಜಿ-ರಿವೈಂಡ್ (ಹಳೆ ಯಜಮಾನನ ಬೇರೆಯಾದ ಭಾಗವನ್ನಷ್ಟೇ ಸರಿಪಡಿಸಿ ನಕಲಾಗಿಸುವ ಸಾಧನ) ಆನ್ ಮಾಡಿ. ಅದಕ್ಕೆ ಪೋಸ್ಟ್‌ಗ್ರೆಸ್‌ನ ಚೆಕ್‌ಸಮ್ ಅಥವಾ ವಾಲ್ ಲಾಗ್ ಹಿಂಟ್ಸ್ ಎಂಬ ಆಯ್ಕೆ ಬೇಕು (ವಾಲ್ ಎಂದರೆ ಬದಲಾವಣೆಗಳನ್ನು ಮೊದಲೇ ಬರೆದಿಡುವ ದಿನಚರಿ). ಇಲ್ಲವಾದರೆ ಮರಳಿ ಬಂದ ಯಂತ್ರಕ್ಕೆ ಇಡೀ ಡೇಟಾ ಮತ್ತೆ ಘಟ್ಟ ಹತ್ತಿಸಬೇಕಾದೀತು. ಲಿನಕ್ಸ್‌ನ ಸಾಫ್ಟ್‌ಡಾಗ್ ವಾಚ್‌ಡಾಗ್ ಕೂಡ ಕಟ್ಟಿ: ಪ್ಯಾಟ್ರೋನಿಯೇ ಸಿಕ್ಕಿಕೊಂಡರೆ ಟಿಟಿಎಲ್ ಮುಗಿಯುವ ಮೊದಲೇ ಅದು ಯಂತ್ರವನ್ನು ರೀಬೂಟ್ ಮಾಡುತ್ತದೆ.

ಹಣದ ಲೆಕ್ಕವಾದ್ದರಿಂದ ಸಿಂಕ್ರೊನಸ್ ಮೋಡ್ (ನಕಲಿಗೂ ತಲುಪಿದ ಮೇಲೆಯೇ ಬರೆದದ್ದು ಖಚಿತ ಎನ್ನುವ ಕ್ರಮ) ಹಾಕಿ. ಇಲ್ಲದಿದ್ದರೆ 1 ಎಂಬಿಯಷ್ಟು ಹಿಂದೆ ಬಿದ್ದ ನಕಲೂ ಯಜಮಾನನಾಗಬಹುದು, ಆ ನಡುವಿನ ರಸೀದಿಗಳು ಮಾಯ. ನಕಲು ಸಿಗದಿದ್ದರೆ ಬರೆಯಲೇ ಬಿಡದ ಸ್ಟ್ರಿಕ್ಟ್ ಮೋಡ್ ಮಾತ್ರ ಎರಡೇ ಡೇಟಾ ಯಂತ್ರ ಇದ್ದವರಿಗೆ ಬೇಡ; ಲೈನ್ ಹೋದರೆ ಶಿರಸಿಯ ಕೌಂಟರಿನಲ್ಲೂ ಬರೆಯುವುದು ನಿಂತುಹೋಗುತ್ತದೆ.

ಎಚ್‌ಎಪ್ರಾಕ್ಸಿ (ಸಂಪರ್ಕಗಳನ್ನು ಸರಿಯಾದ ಸರ್ವರಿಗೆ ಕಳಿಸುವ ತಂತ್ರಾಂಶ) ಇಲ್ಲಿ ನಮ್ಮ ದಣಪೆ, ಅಂದರೆ ಬೇಲಿಯ ಬಾಗಿಲು, ಇದ್ದ ಹಾಗೆ. ಎರಡೂ ಸರ್ವರ್‌ಗಳ 8008 ಪೋರ್ಟಿನಲ್ಲಿ ಪ್ರೈಮರಿ ಎಂಬ ವಿಳಾಸ ಕೇಳಿ, 200 (ಹೌದು) ಎಂದವನ ಕಡೆಗೆ ಮಾತ್ರ ಬಿಡಬೇಕು. ಸರ್ವರ್ ಬಿದ್ದಾಗ ಹಳೆಯ ಸೆಷನ್ ಕಡಿಯುವ ಆಯ್ಕೆಯನ್ನೂ ಹಾಕಿ, ಇಲ್ಲವಾದರೆ ಶಾಖೆಯ ಕಂಪ್ಯೂಟರುಗಳು ಹಳೆಯ ಸಂಪರ್ಕ ಹಿಡಿದುಕೊಂಡೇ ಕೂರುತ್ತವೆ. ಒಂದೇ ದಣಪೆ ಇಟ್ಟರೆ ಅದೇ ಹೊಸ ಗಂಟಲ ಮುಳ್ಳು. ಪ್ರತಿ ಕಚೇರಿಯಲ್ಲೂ ಒಂದೊಂದು ಇರಲಿ.

ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಪರೀಕ್ಷೆ ಮಾಡಿ. ಪ್ಯಾಟ್ರೋನಿಯ ಆಜ್ಞೆ ಪ್ಯಾಟ್ರೋನಿಸಿಟಿಎಲ್‌ನಲ್ಲಿ ಸ್ವಿಚ್‌ಓವರ್ (ನಾವೇ ಯಜಮಾನನನ್ನು ಬದಲಿಸುವುದು) ಕೊಡುವುದು ಸುಲಭದ ಪರೀಕ್ಷೆ. ಆಮೇಲೆ ಶಿರಸಿಯ ನೆಟ್‌ವರ್ಕ್ ಕೇಬಲನ್ನೇ ಕಿತ್ತು ಗಡಿಯಾರ ನೋಡಿ: ಅರ್ಧ ನಿಮಿಷದ ಆಸುಪಾಸಿನಲ್ಲಿ ಕಾರವಾರ ಯಜಮಾನನಾಗಬೇಕು, ಶಿರಸಿ ತಾನಾಗಿ ಕೆಳಗಿಳಿದಿರಬೇಕು. ಕೇಬಲ್ ಮತ್ತೆ ಹಾಕಿದ ಮೇಲೆ ಲ್ಯಾಗ್ (ನಕಲು ಹಿಂದೆ ಬಿದ್ದ ಪ್ರಮಾಣ) ಸೊನ್ನೆಗೆ ಬಂತೇ ನೋಡಿ. ಬಾರದಿದ್ದರೆ ಯಜಮಾನನ ಡಿಸ್ಕ್ ಮೇಲೆ ಕಣ್ಣಿಡಿ: ನಕಲಿಗಾಗಿ ಕಾದಿಟ್ಟ ವಾಲ್ ಫೈಲುಗಳು ರಾತ್ರಿ ಬೆಳಗಾಗುವುದರೊಳಗೆ ಅದನ್ನು ತುಂಬಿಸಬಹುದು. ಪೋಸ್ಟ್‌ಗ್ರೆಸ್ 13ರಿಂದ ಸ್ಲಾಟ್ (ನಕಲು ಎಲ್ಲಿವರೆಗೆ ಓದಿದೆ ಎಂದು ಯಜಮಾನ ಇಡುವ ಗುರುತು) ಉಳಿಸಿಕೊಳ್ಳುವ ವಾಲ್‌ಗೆ ಗರಿಷ್ಠ ಮಿತಿ ಹಾಕಲು ಬರುತ್ತದೆ. ಖಾಲಿ ಜಾಗದ ಅರ್ಧಕ್ಕಿಂತ ಕಡಿಮೆ ಇಟ್ಟುಕೊಳ್ಳಿ.