ಆರು ತಿಂಗಳಿಗೊಮ್ಮೆ ತೋರಿಸಿದರೂ ಹುಳುಕು ಯಾಕೆ?

ಮಕ್ಕಳ ಹಲ್ಲು ನೋಡುವುದು ನನ್ನ ಕೆಲಸ. "ಡಾಕ್ಟ್ರೇ, ಆರು ತಿಂಗಳಿಗೊಮ್ಮೆ ತಪ್ಪದೆ ಕರ್ಕೊಂಡು ಬರ್ತೀವಿ. ಆದ್ರೂ ಮತ್ತೆ ಹುಳುಕು ಹಿಡಿದಿದೆಯಲ್ಲ, ಯಾಕೆ?" ಈ ಮಾತು ಕೇಳದೆ ನನಗೆ ಒಂದು ವಾರವೂ ಮುಗಿಯುವುದಿಲ್ಲ. ಕೇಳುವವರ ದನಿಯಲ್ಲಿ ಸ್ವಲ್ಪ ಸಿಟ್ಟೂ ಇರುತ್ತದೆ. ಇರಬೇಕಾದದ್ದೇ. ಆದರೆ ಒಂದು ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಎರಡು ಸಲ, ಸಲಕ್ಕೆ ಅರ್ಧ ಗಂಟೆ ಮಗು ನನ್ನ ಕುರ್ಚಿಯಲ್ಲಿ ಕೂತರೆ ಒಟ್ಟು ಒಂದು ಗಂಟೆ ಆಯಿತು. ಉಳಿದ 8,759 ಗಂಟೆ ಆ ಹಲ್ಲು ನನ್ನ ಕಣ್ಣಿಗೆ ಬೀಳುವುದೇ ಇಲ್ಲ. ಆದ ತೂತನ್ನು ನಾನು ಮುಚ್ಚಬಹುದು, ಫ್ಲೋರೈಡ್ ವಾರ್ನಿಷ್ ಹಚ್ಚಬಹುದು. ತೂತು ಆಗುವುದೋ ಇಲ್ಲವೋ ಅನ್ನುವುದು ಬಹುಪಾಲು ಉಳಿದ ಗಂಟೆಗಳಲ್ಲೇ ತೀರ್ಮಾನವಾಗುತ್ತದೆ.

ಅದಕ್ಕೇ ಬಾಯಿ ನೋಡುವ ಮೊದಲೇ ಒಂದು ಬಿಳಿ ಹಾಳೆ ತೆಗೆದು ಉದ್ದಕ್ಕೆ ಒಂದು ಗೆರೆ ಎಳೆಯುತ್ತೇನೆ. ಒಂದು ತುದಿಯಲ್ಲಿ ಮಗು ಏಳುವ ಹೊತ್ತು, ಇನ್ನೊಂದು ತುದಿಯಲ್ಲಿ ಮಲಗುವ ಹೊತ್ತು, ಅದರಾಚೆ ರಾತ್ರಿಗೂ ಸ್ವಲ್ಪ ಜಾಗ. ನಾನು ಕೇಳುವುದು ನಿನ್ನೆಯ ಬಗ್ಗೆ ಮಾತ್ರ: "ನಿನ್ನೆ ನೀರು ಬಿಟ್ಟು ಬೇರೆ ಏನೇನು ಬಾಯಿಗೆ ಹೋಯಿತು, ಎಷ್ಟು ಹೊತ್ತಿಗೆ?" ಸಾಮಾನ್ಯವಾಗಿ ಏನು ತಿಂತಾನೆ ಅಂತ ಕೇಳಿದರೆ ಎಲ್ಲರ ಮನೆಯೂ ಆದರ್ಶ ಮನೆಯೇ. ನಿನ್ನೆ ಅಂದರೆ ಕೂತು ನೆನಪು ಮಾಡಿಕೊಳ್ಳಬೇಕು. ಜೊತೆಗೆ ಬಂದ ಅಕ್ಕ, "ಅಮ್ಮ, ಸಂಜೆ ಜ್ಯೂಸ್ ಕುಡಿದ್ನಲ್ಲ" ಅಂತ ಸೇರಿಸುತ್ತಾಳೆ. ಮಕ್ಕಳೇ ಒಳ್ಳೆಯ ಸಾಕ್ಷಿಗಳು.

ನಾಲ್ಕು ವರ್ಷದ ಒಬ್ಬ ಹುಡುಗನ ಹಾಳೆ ನನಗೆ ಚೆನ್ನಾಗಿ ನೆನಪಿದೆ. "ನಮ್ಮನೇಲಿ ಚಾಕಲೇಟೇ ತರೋದಿಲ್ಲ" ಅಂದಿದ್ದರು ತಾಯಿ. ಅದು ನಿಜವೇ. ಆದರೆ ಬೆಳಿಗ್ಗೆ ಸಕ್ಕರೆ ಹಾಕಿದ ಹಾಲು ಸಿಪ್ಪರ್‌ನಲ್ಲಿ, ಒಂದು ಗಂಟೆ ಎಳೆದಾಡಿಕೊಂಡು. ಆಮೇಲೆ ತಿಂಡಿ. ಸುಮ್ನೆ ಎರಡು ಬಿಸ್ಕೆಟ್. ಶಾಲೆಯ ಡಬ್ಬಿ. ಬಂದ ಮೇಲೆ ಜ್ಯೂಸ್. ಟಿವಿ ಮುಂದೆ ಚಿಪ್ಸ್. ಮತ್ತೆ ಬಿಸ್ಕೆಟ್. ಊಟ. ಮಲಗುವಾಗ ಬಾಟಲಿ ಹಾಲು. ಒಂದೊಂದಕ್ಕೂ ಒಂದೊಂದು ಗೀಟು ಹಾಕುತ್ತಾ ಹೋದೆ. ಕೊನೆಗೆ ಗೆರೆಯ ಮೇಲೆ ಖಾಲಿ ಜಾಗವೇ ಇರಲಿಲ್ಲ. ತಾಯಿ ಹಾಳೆ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ಸಲಾನಾ?" ಅಂದರು. ನಾನು ಏನೂ ಹೇಳಬೇಕಾಗಲಿಲ್ಲ.

ಸಕ್ಕರೆ ಎಷ್ಟು ತಿಂದರು ಅನ್ನುವುದಕ್ಕಿಂತ ಎಷ್ಟು ಸಲ ತಿಂದರು ಅನ್ನುವುದು ಹಲ್ಲಿಗೆ ಮುಖ್ಯ. ಹಲ್ಲಿನ ಮೇಲೆ ಅಂಟಿರುವ ಪಾಚಿಯಲ್ಲಿ ಬ್ಯಾಕ್ಟೀರಿಯಾಗಳಿವೆ. ಸಿಹಿ ಸಿಕ್ಕ ಕೆಲವೇ ನಿಮಿಷಗಳಲ್ಲಿ ಅವು ಹುಳಿ, ಅಂದರೆ ಆ್ಯಸಿಡ್ ಮಾಡುತ್ತವೆ. ಹುಳಿಯನ್ನು ಅಳೆಯುವ ಸಂಖ್ಯೆ ಪಿಎಚ್, ಅದು ಇಳಿದಷ್ಟೂ ಹುಳಿ ಜಾಸ್ತಿ. ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಮೇಲ್ಪದರದಿಂದ ಕ್ಯಾಲ್ಸಿಯಂ ಕರಗಲು ಶುರುವಾಗುತ್ತದೆ. ಆಮೇಲೆ ಜೊಲ್ಲು ಬಂದು ಹುಳಿ ತೊಳೆದು, ಕಳೆದುಹೋದ ಖನಿಜವನ್ನು ನಿಧಾನಕ್ಕೆ ವಾಪಸು ತುಂಬುತ್ತದೆ. ಪಿಎಚ್ ಮೇಲೇರಲು ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕು. ರಾಬರ್ಟ್ ಸ್ಟೀಫನ್ ಎಂಬ ವಿಜ್ಞಾನಿ ಈ ಏರಿಳಿತವನ್ನು 1940ರ ದಶಕದಲ್ಲೇ ಅಳೆದು ತೋರಿಸಿದ. ಮಗು ಒಂದು ಚಾಕಲೇಟನ್ನು ಒಂದೇ ಸಲ ತಿಂದರೆ ಇಳಿತ ಒಂದು. ಅದನ್ನೇ ಆರು ತುಂಡು ಮಾಡಿ ದಿನವಿಡೀ ತಿಂದರೆ ಇಳಿತ ಆರು. ಮುಂದಿನ ತುಂಡು ಬರುವ ಹೊತ್ತಿಗೆ ಜೊಲ್ಲಿನ ಕೆಲಸ ಅರ್ಧಕ್ಕೇ ನಿಂತಿರುತ್ತದೆ.

ಅದೇ ದಶಕದಲ್ಲಿ ಸ್ವೀಡನ್ನಿನ ವಿಪೆಹೋಲ್ಮ್ ಎಂಬ ಸಂಸ್ಥೆಯಲ್ಲಿ ಒಂದು ಪ್ರಯೋಗ ನಡೆಯಿತು. ಬುದ್ಧಿಮಾಂದ್ಯತೆ ಇದ್ದ, ಒಪ್ಪಿಗೆ ಕೊಡುವ ಸ್ಥಿತಿಯಲ್ಲೇ ಇಲ್ಲದ ಜನರಿಗೆ ಬೇಕೆಂದೇ ಸಿಹಿ ತಿನ್ನಿಸಿದರು. ಊಟದ ಜೊತೆ ಸಕ್ಕರೆ ಕೊಟ್ಟವರಿಗಿಂತ ಊಟಗಳ ನಡುವೆ ಅಂಟಂಟು ಟಾಫಿ ತಿಂದವರ ಹಲ್ಲು ತೀರಾ ಜಾಸ್ತಿ ಹಾಳಾಯಿತು. ಇವತ್ತು ಅಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡುವುದಿಲ್ಲ, ಕೊಡಲೂಬಾರದು. ಅದರಿಂದ ತಿಳಿದದ್ದನ್ನು ಮಾತ್ರ ನಾವೆಲ್ಲ ಈಗಲೂ ದಿನಾ ಬಳಸುತ್ತಿದ್ದೇವೆ. ನನಗೆ ಇದು ಯಾವಾಗಲೂ ಸ್ವಲ್ಪ ಇರಿಸುಮುರಿಸು.

ನನ್ನ ಮಗಳ ವಿಷಯದಲ್ಲಿ ನಾನು ಸಿಹಿ ನಿಷೇಧ ಮಾಡಲಿಲ್ಲ. ನಿಷೇಧಿಸಿದ ತಿಂಡಿ ಮೇಜಿನ ಕೆಳಗೆ ಹೋಗುತ್ತದೆ ಅಷ್ಟೇ. ಸಿಹಿ ತಿನ್ನಬೇಕಾದರೆ ಊಟದ ಜೊತೆ, ಇಲ್ಲವೇ ಊಟ ಮುಗಿದ ಕೂಡಲೇ. ಊಟ–ತಿಂಡಿಗಳ ನಡುವೆ ನೀರು. ಇಷ್ಟೇ ನಿಯಮ. ಊಟದ ಹೊತ್ತಲ್ಲಿ ಜೊಲ್ಲು ಧಾರಾಳವಾಗಿ ಬರುತ್ತಿರುತ್ತದೆ, ಹೇಗೂ ಹುಳಿ ಆಗುವ ಹೊತ್ತೂ ಅದೇ. ತೊಡಕು ಬಂದದ್ದು ಮಗಳಿಂದಲ್ಲ, ಅವಳ ಅಜ್ಜನಿಂದ. ಅವರ ಜೇಬಲ್ಲಿ ಸದಾ ಪೆಪ್ಪರ್‌ಮೆಂಟು. ಬೇಡ ಅಂದರೆ ನೊಂದುಕೊಳ್ಳುತ್ತಾರೆ, ಕದ್ದು ಕೊಡುತ್ತಾರೆ. "ಕೊಡಿ ಅಪ್ಪಾ, ಆದರೆ ಅವಳ ತಟ್ಟೆ ಮುಂದಿರುವಾಗ ಕೊಡಿ" ಅಂದೆ. ಮೊಮ್ಮಗಳು ಊಟಕ್ಕೆ ಕೂತರೆ ಈಗ ಅವರೇ ಬಂದು ಪಕ್ಕದಲ್ಲಿ ಕೂರುತ್ತಾರೆ. ಊಟವೂ ಸಲೀಸಾಯಿತು.

ಚಿಪ್ಸ್ ಖಾರ, ಅದರಿಂದ ಏನಾಗುತ್ತೆ ಅಂತ ಕೇಳುವವರಿದ್ದಾರೆ. ನಾಲಿಗೆಗೆ ಖಾರವಾದರೂ ಅದರಲ್ಲಿರುವುದು ಪಿಷ್ಟ. ದವಡೆ ಹಲ್ಲಿನ ಸಂದಿಯಲ್ಲಿ ಮೆತ್ತಿಕೊಂಡು ಕೂರುತ್ತದೆ, ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಅದನ್ನು ಸಕ್ಕರೆಯಾಗಿ ಒಡೆಯುತ್ತದೆ. ಬಿಸ್ಕೆಟ್ಟೂ ಹಾಗೇ, ಅದರಲ್ಲಂತೂ ಸಕ್ಕರೆ ಮೊದಲೇ ಬೆರೆತಿರುತ್ತದೆ. ಹಣ್ಣನ್ನು ಕಚ್ಚಿ ತಿಂದರೆ ತೊಂದರೆ ಕಡಿಮೆ, ಅದೇ ಹಣ್ಣಿನ ಜ್ಯೂಸನ್ನು ಬಾಟಲಿಯಲ್ಲಿ ಹೀರುತ್ತಾ ಓಡಾಡಿದರೆ ತೊಂದರೆ ಜಾಸ್ತಿ. ಜೇನುತುಪ್ಪ ಒಳ್ಳೆಯದಲ್ವಾ ಅಂತಲೂ ಕೇಳುತ್ತಾರೆ. ಹಲ್ಲಿಗೆ ಅದೂ ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಲ್ಲೂ ಜೇನು ಮತ್ತು ಹಣ್ಣಿನ ರಸದ ಸಕ್ಕರೆಯನ್ನು ಸೇರಿಸಿಯೇ ಮಿತಿ ಹೇಳಿದ್ದಾರೆ: ದಿನದ ಶಕ್ತಿಯಲ್ಲಿ ಶೇ. 10ಕ್ಕಿಂತ ಕಡಿಮೆ, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು.

ಹಗಲಿಗಿಂತ ನನಗೆ ರಾತ್ರಿಯದ್ದೇ ಹೆಚ್ಚು ಚಿಂತೆ. ನಿದ್ದೆಯಲ್ಲಿ ಜೊಲ್ಲು ತುಂಬಾ ಕಡಿಮೆಯಾಗುತ್ತದೆ. ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗಿದ ಮಗುವಿನ ಮೇಲಿನ ಮುಂದಿನ ಹಲ್ಲುಗಳ ಸುತ್ತ ಹಾಲು ನಿಂತೇ ಇರುತ್ತದೆ. ಇಂಥ ಮಕ್ಕಳ ತುಟಿ ಎತ್ತಿದರೆ ಮೇಲಿನ ನಾಲ್ಕು ಹಲ್ಲು ಕಂದಾಗಿ ಸವೆದಿರುತ್ತವೆ, ಕೆಳಗಿನ ನಾಲ್ಕು ಹಾಲಿನಂತೆ ಬೆಳ್ಳಗಿರುತ್ತವೆ. ಮೊದಮೊದಲು ನೋಡುವವರಿಗೆ ಆಶ್ಚರ್ಯ ಆಗುತ್ತದೆ. ಚೀಪುವಾಗ ನಾಲಿಗೆ ಕೆಳಗಿನ ಹಲ್ಲುಗಳನ್ನು ಮುಚ್ಚಿಕೊಳ್ಳುತ್ತದೆ. ನಾಲಿಗೆಯ ಕೆಳಗೇ ಜೊಲ್ಲಿನ ಗ್ರಂಥಿಯ ಬಾಯಿಯೂ ಇದೆ. ಆ ವಿನ್ಯಾಸ ಕಂಡರೆ ರಾತ್ರಿ ಏನು ನಡೆಯುತ್ತಿದೆ ಅಂತ ಕೇಳುವ ಮೊದಲೇ ಗೊತ್ತಾಗುತ್ತದೆ.

ಬಾಟಲಿ ಬಿಡಿಸುವುದಕ್ಕೆ ನಾನು ಹೇಳುವ ದಾರಿ ನಿಧಾನದ್ದು. ಮೊದಲು ಸಕ್ಕರೆ ನಿಲ್ಲಿಸಿ. ಆಮೇಲೆ ಕೆಲವು ರಾತ್ರಿಗೊಮ್ಮೆ ಹಾಲು ಸ್ವಲ್ಪ ಕಡಿಮೆ, ನೀರು ಸ್ವಲ್ಪ ಜಾಸ್ತಿ. ಕೊನೆಗೆ ಬರೀ ನೀರು ಉಳಿಯುತ್ತದೆ. ಬರೀ ನೀರಿಗೆ ಯಾವ ಮಗುವೂ ಹೆಚ್ಚು ದಿನ ಹಟ ಮಾಡುವುದಿಲ್ಲ. ಹಾಲು ಬೇಕೇ ಬೇಕಾದರೆ ಬ್ರಷ್ ಮಾಡುವ ಮೊದಲು, ಲೋಟದಲ್ಲಿ. ಇದು ಒಂದು ವರ್ಷ ದಾಟಿದ ಮಕ್ಕಳ ಮಾತು. ಎಳೆ ಕೂಸಿನ ಹಾಲಿಗೆ ನೀರು ಬೆರೆಸಬೇಡಿ.

ರಾತ್ರಿ ಬ್ರಷ್ ಆದ ಮೇಲೆ ನೀರು ಬಿಟ್ಟು ಏನೂ ಇಲ್ಲ. ಬೆಳಿಗ್ಗೆಯದ್ದನ್ನು ಅವಸರದಲ್ಲಿ ಹೇಗೋ ಮುಗಿಸಿದರೂ ಪರವಾಗಿಲ್ಲ, ರಾತ್ರಿಯದ್ದು ಮಾತ್ರ ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಬ್ರಷ್ ಯಾರ ಕೈಯಲ್ಲಿರಬೇಕು ಅನ್ನುವುದೂ ಮುಖ್ಯ. ಏಳೆಂಟು ವರ್ಷದವರೆಗೆ ದೊಡ್ಡವರ ಕೈಯಲ್ಲಿ. "ಅವಳೇ ಮಾಡ್ಕೋತಾಳೆ" ಅಂತ ಹೆಮ್ಮೆಯಿಂದ ಹೇಳುವವರ ಮಗಳ ಹಿಂದಿನ ಹಲ್ಲಿಗೆ ಬ್ರಷ್ ತಾಗಿರುವುದೇ ಇಲ್ಲ. ಕನ್ನಡಿ ಮುಂದೆ ನಿಲ್ಲಿಸಿಕೊಂಡು ಹೋರಾಡುವ ಬದಲು ನಾನು ಮಗಳನ್ನು ಹಾಸಿಗೆ ಮೇಲೆ ಮಲಗಿಸಿ, ತಲೆ ನನ್ನ ತೊಡೆ ಮೇಲಿಟ್ಟುಕೊಂಡು ಉಜ್ಜುತ್ತಿದ್ದೆ. ಆಗ ಮೇಲಿನ ಹಲ್ಲೂ ಕಾಣುತ್ತದೆ, ತಲೆಯೂ ಅಲ್ಲಾಡುವುದಿಲ್ಲ. ಕಥೆ ಹೇಳಬೇಕಿತ್ತು, ಅದು ಬೇರೆ ವಿಷಯ.

ಪೇಸ್ಟಿನ ಮೇಲಿರುವ ಕಾರ್ಟೂನ್ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಫ್ಲೋರೈಡ್ 1,000 ಪಿಪಿಎಂ ಅಥವಾ ಜಾಸ್ತಿ ಇರಬೇಕು. ಮಕ್ಕಳ ಪೇಸ್ಟ್ ಅಂತ ಮಾರುವ ಕೆಲವುದರಲ್ಲಿ ಅದರರ್ಧ ಇರುತ್ತದೆ, ಕೆಲವುದರಲ್ಲಿ ಇರುವುದೇ ಇಲ್ಲ. ಮಕ್ಕಳು ನುಂಗುತ್ತಾರೆ ಅನ್ನುವ ಭಯ ಸರಿಯೇ. ಅದಕ್ಕೆ ಪರಿಹಾರ ಪೇಸ್ಟಿನ ಪ್ರಮಾಣದಲ್ಲಿದೆ: ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಯಾಗಿ ಹಾಕಿರುತ್ತಾರಲ್ಲ, ಅದು ಮಾರುವವರ ಅಳತೆ. ಕುಡಿಯುವ ನೀರಲ್ಲೇ ಫ್ಲೋರೈಡ್ ಜಾಸ್ತಿ ಇರುವ ಪ್ರದೇಶವಾದರೆ ವೈದ್ಯರನ್ನು ಕೇಳಿಕೊಳ್ಳಿ, ಅಲ್ಲಿ ಲೆಕ್ಕ ಬೇರೆ. ಉಜ್ಜಿದ ಮೇಲೆ ಉಗುಳಿದರೆ ಸಾಕು. ಲೋಟಗಟ್ಟಲೆ ನೀರಲ್ಲಿ ಮುಕ್ಕಳಿಸಿದರೆ ಹಚ್ಚಿದ ಫ್ಲೋರೈಡ್ ಎಲ್ಲ ಬಚ್ಚಲಿಗೆ ಹೋಗುತ್ತದೆ.

ಹಿಂದಿನ ಎರಡು ಹಾಲು ದವಡೆ ಹಲ್ಲುಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ನಡುವೆ ಬ್ರಷ್ ಹೋಗುವುದಿಲ್ಲ, ಅಲ್ಲಿ ಫ್ಲಾಸ್, ಅಂದರೆ ಹಲ್ಲಿನ ಸಂದಿ ಶುಚಿ ಮಾಡುವ ದಾರ ಬೇಕು. ಹೇಗೂ ಬಿದ್ದುಹೋಗುವ ಹಲ್ಲು ಅನ್ನಬೇಡಿ. ಆ ದವಡೆ ಹಲ್ಲು ಬೀಳುವುದು ಹತ್ತು, ಹನ್ನೆರಡು ವರ್ಷಕ್ಕೆ. ಹಾಲುಹಲ್ಲಿನ ಎನಾಮಲ್, ಅಂದರೆ ಗಟ್ಟಿ ಮೇಲ್ಪದರ, ತೆಳ್ಳಗಿರುವುದರಿಂದ ಹುಳುಕು ಬೇಗ ಒಳಗಿಳಿಯುತ್ತದೆ.

ಹಾಳೆಯಲ್ಲಿ ಯಾರೂ ತಾವಾಗಿ ಹೇಳದ ಒಂದು ಗೀಟು ಔಷಧಿಯದ್ದು. ದಿನಾ ಸಿಹಿ ಸಿರಪ್ ತಗೊಳ್ಳುವ ಮಕ್ಕಳಿದ್ದಾರೆ, ಅದರಲ್ಲೂ ಮಲಗುವ ಮುಂಚೆ. ಸಕ್ಕರೆ ಇಲ್ಲದ್ದು ಸಿಗುತ್ತದಾ ಅಂತ ಬರೆದುಕೊಟ್ಟ ವೈದ್ಯರನ್ನೇ ಕೇಳಿ. ನೀವಾಗಿ ನಿಲ್ಲಿಸಬೇಡಿ. ಇನ್‌ಹೇಲರ್ ಬಳಸಿದ ಮೇಲೆ ಬಾಯಿ ತೊಳೆಸಿ. ಮೂಗು ಕಟ್ಟಿ ಬಾಯಲ್ಲೇ ಉಸಿರಾಡುತ್ತಾ ಮಲಗುವ ಮಗುವಿನ ಬಾಯಿ ಒಣಗಿರುತ್ತದೆ, ಅದನ್ನೂ ಹೇಳಿ. ನನಗೆ ಬೇಕಾದ ಮಾಹಿತಿ ಅದು.

"ನಮ್ಮ ವಂಶದಲ್ಲೇ ಹಲ್ಲು ವೀಕ್" ಅನ್ನುವ ಮಾತು ಪೂರ್ತಿ ಸುಳ್ಳಲ್ಲ. ಕೆಲವು ಮಕ್ಕಳಿಗೆ ಹಲ್ಲು ಹುಟ್ಟುವಾಗಲೇ ಎನಾಮಲ್ ಸರಿಯಾಗಿ ಗಟ್ಟಿಯಾಗಿರುವುದಿಲ್ಲ. ಹಳದಿ, ಕಂದು ಕಲೆಯ ಜೊತೆಯೇ ಹಲ್ಲು ಬರುತ್ತದೆ, ತಣ್ಣೀರು ತಾಗಿದರೂ ಜುಂ ಅನ್ನುತ್ತದೆ. ಅಂಥವರಲ್ಲಿ ತಾಯಿ–ತಂದೆಯ ತಪ್ಪು ಹುಡುಕುವುದು ಅನ್ಯಾಯ. ಆದರೆ ವಂಶದ ಜೊತೆ ಅಡುಗೆಮನೆಯೂ ಒಂದೇ ಆಗಿರುತ್ತದಲ್ವಾ? ಬ್ಯಾಕ್ಟೀರಿಯಾವೂ ಮನೆಯವರಿಂದಲೇ ಬರುತ್ತದೆ. ಒಂದೇ ಚಮಚ ಬಳಸಬೇಡಿ ಅಂತ ನಾನು ಜೋರು ಮಾಡುವುದಿಲ್ಲ. ಮಗುವನ್ನು ಮುದ್ದಾಡದೆ ಇರುವುದು ಯಾರಿಂದಲೂ ಆಗದ ಕೆಲಸ. ಅದರ ಬದಲು ಅಮ್ಮನ ಬಾಯಲ್ಲಿ ಹುಳುಕಿದ್ದರೆ ಮೊದಲು ಅದನ್ನು ಸರಿಮಾಡಿಸಿಕೊಳ್ಳಿ ಅನ್ನುತ್ತೇನೆ.

ಹಾಳೆ ತುಂಬಿದ ಮೇಲೆ ಉಪದೇಶ ಮಾಡುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ತಾಯಿಗೆ ಹತ್ತು ನಿಯಮ ಹೇಳಿದರೆ ಒಂದೂ ನಡೆಯುವುದಿಲ್ಲ. "ಇದರಲ್ಲಿ ಯಾವ ಗೀಟು ಅಳಿಸೋದು ನಿಮಗೆ ಸುಲಭ?" ಅಂತ ಕೇಳುತ್ತೇನೆ. ಆ ಹುಡುಗನ ತಾಯಿ ಆರಿಸಿಕೊಂಡದ್ದು ಟಿವಿ ಮುಂದಿನ ಚಿಪ್ಸ್. ನಾನಾಗಿದ್ದರೆ ಬಾಟಲಿ ಆರಿಸುತ್ತಿದ್ದೆ. ಆದರೆ ಅವರಿಗೆ ಆಗುವುದು ಅದು, ಅಲ್ಲಿಂದಲೇ ಶುರು ಮಾಡಿದೆವು. ಬಾಟಲಿ ಆಮೇಲೆ ಹೋಯಿತು.

ಮನೆಯಲ್ಲೇ ತಿಂಗಳಿಗೊಮ್ಮೆ ನೋಡಿಕೊಳ್ಳುವುದನ್ನೂ ಕಲಿಸುತ್ತೇನೆ. ಬೆಳಕಿರುವ ಕಡೆ ಮಗುವಿನ ಮೇಲ್ದುಟಿ ಎತ್ತಿ, ಶುಭ್ರವಾದ ಬಟ್ಟೆಯಿಂದ ಹಲ್ಲು ಒರೆಸಿ. ಒದ್ದೆ ಇದ್ದಾಗ ಕಾಣದ್ದು ಒಣಗಿದಾಗ ಕಾಣುತ್ತದೆ: ಒಸಡಿನ ಅಂಚಿಗೆ ಸೀಮೆಸುಣ್ಣದಂಥ ಮಂಕು ಬಿಳಿ ಗೆರೆ. ಅದೇ ಹುಳುಕಿನ ಮೊದಲ ಹೆಜ್ಜೆ. ತೂತು ಇನ್ನೂ ಆಗಿರುವುದಿಲ್ಲ. ಈ ಹಂತದಲ್ಲಿ ತಿನ್ನುವ ಹೊತ್ತು ಸರಿಮಾಡಿ, ಫ್ಲೋರೈಡ್ ಪೇಸ್ಟ್ ಎರಡು ಹೊತ್ತು ಹಚ್ಚಿದರೆ ಅದನ್ನು ಅಲ್ಲೇ ನಿಲ್ಲಿಸಬಹುದು. ಡ್ರಿಲ್ ಬೇಕಾಗುವುದಿಲ್ಲ.

ಆರು ವರ್ಷದ ಹೊತ್ತಿಗೆ ಎಲ್ಲಕ್ಕಿಂತ ಹಿಂದೆ ಹೊಸ ದವಡೆ ಹಲ್ಲು ಬರುತ್ತದೆ. ಅದಕ್ಕಾಗಿ ಯಾವ ಹಾಲುಹಲ್ಲೂ ಬೀಳುವುದಿಲ್ಲ, ಹಾಗಾಗಿ ಬಂದದ್ದೇ ಬಹಳ ಜನಕ್ಕೆ ಗೊತ್ತಾಗುವುದಿಲ್ಲ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಪೂರ್ತಿ ಮೇಲೆ ಬರುವವರೆಗೆ ತಿಂಗಳುಗಟ್ಟಲೆ ಉಳಿದ ಹಲ್ಲುಗಳಿಗಿಂತ ತಗ್ಗಿನಲ್ಲಿರುತ್ತದೆ. ಉದ್ದಕ್ಕೆ ಉಜ್ಜಿದರೆ ಬ್ರಷ್ ಅದರ ಮೇಲಿಂದ ಹಾರಿಹೋಗುತ್ತದೆ. ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡಲಾಗಿ ಒಳಗೆ ತಂದು, ಆ ಒಂದು ಹಲ್ಲನ್ನು ಮಾತ್ರ ಬೇರೆಯಾಗಿ ಉಜ್ಜಿ.