ಮಸಿ ಕಲೆ ಇಲ್ಲದ ಟೈಪ್‌ರೈಟರ್ ಫಾಂಟ್

ಟೈಪ್‌ರೈಟರ್ ಫಾಂಟ್ ಅಂದಮೇಲೆ ಅಂಚು ಹರಿದಿರಬೇಕು, ಮಸಿ ಕಲೆ ಇರಬೇಕು ಅಂತ ಎಲ್ಲರೂ ಹೇಳಿದರು. ನಾನು ಮಾಡಿದ ಫಾಂಟ್‌ನಲ್ಲಿ ಕಲೆಯನ್ನೆಲ್ಲ ತೆಗೆದುಹಾಕಿದೆ. ಈಗ ಮೂರ್ನಾಲ್ಕು ಜನ ಅದರಲ್ಲೇ ಚಿತ್ರಕಥೆ ಬರೆಯುತ್ತಿದ್ದಾರೆ. ಆವತ್ತು ನಕ್ಕವರಲ್ಲಿ ಒಬ್ಬರು ರಿಯಾಯಿತಿ ಕೇಳದೆ ಲೈಸೆನ್ಸ್ ಕೊಂಡರು!

ಮೊದಲು ಎಲ್ಲರ ಹಾಗೆ ಟೈಪ್‌ರೈಟರ್‌ನಲ್ಲಿ ಹಾಳೆ ಹೊಡೆದು, ಸ್ಕ್ಯಾನ್ ಮಾಡಿ, ಆಟೋ ಟ್ರೇಸ್‌ಗೆ, ಅಂದರೆ ಚಿತ್ರದ ಅಂಚನ್ನು ತಾನೇ ಗೆರೆಯಾಗಿಸುವ ಸಾಫ್ಟ್‌ವೇರ್‌ಗೆ ಕೊಟ್ಟಿದ್ದೆ. ಒಂದೊಂದು ಅಕ್ಷರದ ಗೆರೆಗೂ ನೂರಾರು ಚುಕ್ಕೆ. ಅದನ್ನು ಚೊಕ್ಕ ಮಾಡಿಸಲು ಕೊಟ್ಟ ದುಡ್ಡು ಫಾಂಟ್ ಮಾಡುವ ಸಾಫ್ಟ್‌ವೇರ್‌ನ ಬೆಲೆಗಿಂತ ಜಾಸ್ತಿಯಾಯಿತು. ಆಮೇಲೆ ನೋಡಿದರೆ, ಒಂದೇ ಪುಟದಲ್ಲಿ ಅದೇ ಅಕ್ಷರ ಅದೇ ಜಾಗದಲ್ಲಿ ಹರಿದುಕೊಂಡು ಐವತ್ತು ಸಲ ಬರುತ್ತದೆ. ನಕಲಿ ಅಂತ ಗೊತ್ತಾಗದೆ ಇರುತ್ತದಾ? ಒಂದೇ ಅಕ್ಷರಕ್ಕೆ ಬದಲಿ ರೂಪಗಳನ್ನು ಬರೆಸಿ ಸರದಿಯಲ್ಲಿ ಬರುವಂತೆ ಮಾಡಿದೆ. ಎಷ್ಟೋ ಸಾಫ್ಟ್‌ವೇರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆ ಖರ್ಚೂ ಹೋಯಿತು.

ಸುಮ್ನೆ ಒಂದು ದಿನ ಮಸಿ ರಿಬ್ಬನ್ ಅಡ್ಡ ಬರದಂತೆ ಮೆಷಿನ್ನನ್ನು ‘ಸ್ಟೆನ್ಸಿಲ್’ಗೆ ತಿರುಗಿಸಿ, ಹಾಳೆಯ ಮೇಲೆ ಕಾರ್ಬನ್ ಪೇಪರ್ ಇಟ್ಟು ನೇರವಾಗಿ ಹೊಡೆದೆ. ಬಟ್ಟೆಯ ನೇಯ್ಗೆ ಗುರುತಿಲ್ಲ, ಅಚ್ಚು ಚೂಪಾಗಿ ಬಂತು. ಆದರೂ ಟೈಪ್‌ರೈಟರ್ ಅಂತಲೇ ಅನ್ನಿಸಿತು. ಟ್ರೇಸ್ ಬಿಟ್ಟು, ಅದನ್ನೇ ಎದುರಿಗಿಟ್ಟುಕೊಂಡು ಕೈಯಿಂದ ಗೆರೆ ಎಳೆದೆ.

ಗೆರೆಯ ದಪ್ಪ ಮಾತ್ರ ಕಾಡಿಸಿತು. ಕಂಪ್ಯೂಟರ್‌ನಲ್ಲಿ ಸಿಗುವ ಟೈಪ್‌ರೈಟರ್ ಫಾಂಟ್ ಕೊರಿಯರ್ ನ್ಯೂ ಬಡಕಲಾಗಿ ಕಾಣುತ್ತದಲ್ವಾ? ಅದನ್ನು ಮಾಡಿದವರು ಐಬಿಎಂ ಸೆಲೆಕ್ಟ್ರಿಕ್ ಟೈಪ್‌ರೈಟರ್‌ನ ಅಚ್ಚಿನ ಗುಂಡಿನಿಂದ ಆಕಾರ ತೆಗೆದರು, ಕಾಗದದಲ್ಲಿ ಮಸಿ ಹರಡುವ ದಪ್ಪ ಸೇರಿಸಲಿಲ್ಲ. ನಾನು ಗೆರೆಯನ್ನು ಸುಮಾರು ಕಾಲು ಭಾಗ ಉಬ್ಬಿಸಿದೆ. ಸಣ್ಣ ‘ಎಂ’ನ ಮೂರು ಕಾಲು ಅಂಟಿಕೊಂಡವು. ಮಧ್ಯದ ಕಾಲು ಗಿಡ್ಡ ಮಾಡಿದೆ. ಮೂಲೆಗಳಿಗೆ ಏನು ಮಾಡಿದೆ ಅನ್ನೋದು ನನ್ನಲ್ಲೇ ಇರಲಿ.

ಪ್ರತಿ ಅಕ್ಷರದ ಅಗಲ, ಫಾಂಟ್ ಗಾತ್ರವನ್ನು 1000 ಅಂದುಕೊಂಡರೆ, 600. ಕೊರಿಯರ್‌ನದೇ ಅಳತೆ. 12 ಪಾಯಿಂಟ್‌ನಲ್ಲಿ ಇಂಚಿಗೆ 10 ಅಕ್ಷರ. ಇದನ್ನು ಮುಟ್ಟಲೇಬಾರದು. ಪುಟಕ್ಕೊಂದು ನಿಮಿಷ ಅನ್ನುವ ಚಿತ್ರಕಥೆಯ ಅಂದಾಜು ನಿಂತಿರುವುದು ಇದರ ಮೇಲೆ. ಬೋಲ್ಡ್ ಕೂಡ 600ರೊಳಗೇ ಕೂರಬೇಕು. ಒಮ್ಮೆ ನಾನ್ ಬ್ರೇಕಿಂಗ್ ಸ್ಪೇಸ್ (ಸಾಲು ಮುರಿಯಲು ಬಿಡದ ಖಾಲಿ ಜಾಗ) ಒಂದರ ಅಗಲ ಬೇರೆಯಾಗಿ, ಗಿರಾಕಿಯ ಕೋಷ್ಟಕವೆಲ್ಲ ವಾಲಿಕೊಂಡಿತ್ತು.

ಕೋಡ್ ಬರೆಯುವವರೊಬ್ಬರೂ ಕೊಂಡರು. ಸೊನ್ನೆ, ‘ಓ’ ಒಂದೇ ಥರ ಅಂತ ದೂರಿದರು. ಟೈಪ್‌ರೈಟರ್ ಇರುವುದೇ ಹಾಗೆ; ಎಷ್ಟೋ ಹಳೆ ಮೆಷಿನ್‌ಗಳಲ್ಲಿ 1ರ ಕೀಲಿಯೇ ಇರುತ್ತಿರಲಿಲ್ಲ, ಸಣ್ಣ ‘ಎಲ್’ ಹೊಡೆಯುತ್ತಿದ್ದರು. ಆ ಸ್ವಭಾವ ಬದಲಿಸಲು ನನಗೆ ಮನಸ್ಸಿಲ್ಲ. ಅವರ ದುಡ್ಡು ವಾಪಸ್ ಕೊಟ್ಟೆ.