ಪಿತ್ತರಸ ಸಲೀಸಾಗಿ ಹರಿಯಲು ಮಸಾಲೆ ಹೀಗೆ ಬಳಸಿ

ಹುಳಿತೇಗು ಬಂದರೆ ‘ಪಿತ್ತ ಜಾಸ್ತಿಯಾಗಿದೆ’ ಅಂದುಬಿಡುತ್ತೇವೆ, ಅಲ್ವಾ? ಪಾಪ, ಪಿತ್ತರಸದ ತಪ್ಪೇನೂ ಇಲ್ಲ. ಆ ಹುಳಿ ಜಠರದ ಆಮ್ಲದ್ದು. ಪಿತ್ತರಸವನ್ನು ತಯಾರಿಸುವುದು ಲಿವರ್, ದಿನಕ್ಕೆ ಅರ್ಧದಿಂದ ಒಂದು ಲೀಟರ್‌ವರೆಗೆ. ಊಟವಿಲ್ಲದ ಹೊತ್ತಿನಲ್ಲಿ ಅದು ಲಿವರ್ ಕೆಳಗಿನ ಪುಟ್ಟ ಚೀಲವಾದ ಪಿತ್ತಕೋಶದಲ್ಲಿ ಸೇರಿ, ನೀರಿನಂಶ ಕಳೆದು ಮಂದವಾಗುತ್ತದೆ.

ಮೊದಲು ಅದರ ಕೆಲಸವನ್ನು ಕಣ್ಣಾರೆ ನೋಡಿ. ಒಂದು ಲೋಟ ನೀರಿಗೆ ಚಮಚ ಎಣ್ಣೆ ಹಾಕಿ ಕಲಕಿ. ಕೈ ನಿಲ್ಲಿಸಿದ ಕೂಡಲೇ ಎಣ್ಣೆ ಮೇಲೆ ಬಂದು ಕೂರುತ್ತದೆ. ಈಗ ಪಾತ್ರೆ ತೊಳೆಯುವ ದ್ರವ ಎರಡು ಹನಿ ಬಿಟ್ಟು ಮತ್ತೆ ಕಲಕಿ. ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಎಣ್ಣೆ ಪುಟ್ಟ ಪುಟ್ಟ ಹನಿಗಳಾಗಿ ಒಡೆದಿದೆ. ಕರುಳಿನಲ್ಲಿ ಪಿತ್ತರಸ ಮಾಡುವುದೂ ಇದನ್ನೇ. ಹನಿ ಸಣ್ಣದಾದಷ್ಟೂ ಕೊಬ್ಬು ಬೇಗ ಅರಗುತ್ತದೆ. (ಲೋಟ ತೊಳೆದಿಡಿ, ಯಾರಾದರೂ ಕುಡಿದಾರು.)

ಅಡುಗೆಯಲ್ಲಿ ಅರಿಶಿನದಿಂದ ಶುರು ಮಾಡಿ. ಅದರ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಪಿತ್ತಕೋಶವನ್ನು ಹಿಂಡಿ ಪಿತ್ತರಸವನ್ನು ಕರುಳಿಗೆ ಇಳಿಸುತ್ತದೆ. ಆರೋಗ್ಯವಂತರಿಗೆ 20 ಮಿಲಿಗ್ರಾಂ ಕೊಟ್ಟು ಸ್ಕ್ಯಾನ್ ಮಾಡಿದಾಗ ಪಿತ್ತಕೋಶ ಕುಗ್ಗಿದ್ದು ಕಂಡಿದೆ. ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ ಸುಮಾರು 3 ಪಾಲು. ಅಂದರೆ ಕಾಲು ಟೀ ಚಮಚದಲ್ಲೇ ಹತ್ತಿರ ಹತ್ತಿರ ಅಷ್ಟು ಸಿಕ್ಕಿತು. ಸುಮ್ನೆ ಮಾತ್ರೆಗೆ ದುಡ್ಡು ಯಾಕೆ?

ಪುಡಿಯನ್ನು ಬರೀ ನೀರಿಗೆ ಹಾಕಬೇಡಿ. ಅಲ್ಲಿ ಅದು ತಳದಲ್ಲಿ ಕೂರುತ್ತದೆ. ಬೆಚ್ಚಗಿನ ಎಣ್ಣೆಗೆ ಹಾಕಿದರೆ ಎಣ್ಣೆಯೇ ಹಳದಿಯಾಗುತ್ತದೆ, ಕರ್ಕ್ಯುಮಿನ್ ಕರಗುವುದು ಕೊಬ್ಬಿನಲ್ಲಿ. ಪಿತ್ತಕೋಶವನ್ನು ಹಿಂಡಿಸುವ ಹಾರ್ಮೋನ್ ಹೊರಡುವುದೂ ಮುಖ್ಯವಾಗಿ ಕೊಬ್ಬು ಕರುಳಿಗೆ ಇಳಿದಾಗಲೇ. ಹಾಗಾಗಿ ಎಣ್ಣೆಯನ್ನು ಪೂರ್ತಿ ಬಿಡುವುದು ಜಾಣತನವಲ್ಲ. ಚಿಟಿಕೆ ಕಾಳುಮೆಣಸು ಸೇರಿಸಿದರೆ ಕರ್ಕ್ಯುಮಿನ್ ರಕ್ತಕ್ಕೆ ಜಾಸ್ತಿ ಸೇರುತ್ತದೆ.

ಜೀರಿಗೆ, ಮೆಂತ್ಯ, ಕೊತ್ತಂಬರಿ ಬೀಜವನ್ನೂ ಬಳಸಿ. ಇವು ಪಿತ್ತರಸ ಹೆಚ್ಚಿಸಿದ್ದು ಇಲಿಗಳ ಮೇಲಿನ ಪ್ರಯೋಗದಲ್ಲಿ. ಮನುಷ್ಯರಲ್ಲೂ ಅಷ್ಟೇ ಅಂತ ಹೇಳಲು ನಾನು ಅವಸರ ಮಾಡುವುದಿಲ್ಲ. ಶುಂಠಿಯ ದಾರಿ ಬೇರೆ. ಅದು ಜಠರ ಬೇಗ ಖಾಲಿಯಾಗಲು ನೆರವಾಗುತ್ತದೆ, ಹೊಟ್ಟೆ ಭಾರ ಎನ್ನುವವರಿಗೆ ಒಳ್ಳೆಯದು. ಮೆಣಸಿನಕಾಯಿಯ ಖಾರ ಬಿಸಿ ಗುರುತಿಸುವ ನರಗಳನ್ನೇ ತಟ್ಟುತ್ತದೆ. ಎದೆಯುರಿ ಇರುವವರು ಕೈ ಬಿಗಿ ಹಿಡಿಯಲಿ.

ಪಿತ್ತಕೋಶದಲ್ಲಿ ಕಲ್ಲಿದ್ದರೆ ಮಾತ್ರ ಇಲ್ಲೇ ನಿಲ್ಲಿ. ಹಿಂಡಿದಾಗ ಕಲ್ಲು ಜಾರಿ ನಾಳಕ್ಕೆ ಸಿಕ್ಕಿಕೊಳ್ಳಬಹುದು, ಬಲ ಪಕ್ಕೆಲುಬಿನ ಕೆಳಗೆ ನೋವು ಕಿತ್ತು ತಿನ್ನುತ್ತದೆ. ಡಾಕ್ಟರನ್ನು ಕೇಳದೆ ಅರಿಶಿನದ ಮಾತ್ರೆ ಮುಟ್ಟಬೇಡಿ. ಕಣ್ಣು ಹಳದಿಯಾಗಿ ಮಲ ಬಿಳಚಿಕೊಂಡರೆ ಮಸಾಲೆ ಡಬ್ಬಿಯನ್ನು ಪಕ್ಕಕ್ಕಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.